ಬಾಖ್‌ನ ಪಲ್ಟಾ, ಮುಧೋಳದ ಪೇಟಿ

ಮಾಸ್ತರ: ಇದೇನು ಹಾಡಾಕತ್ತಾರವಾ ತಂಗಿ? ದಬ ದಬ ಅಂತ ಒಂದ ಸಮನ ಓಡಾಕತ್ತಾರ. ಮಾತಿಲ್ಲ, ಸಾಹಿತ್ಯ ಇಲ್ಲ. ಹಿಂದ ಒಂದು ಭಾರೀ ತಂತಿವಾದ್ಯ ಗುಂಯ್‌ಗುಡತೈತಿ, ಡ್ರಮ್ಮಿನ ಮ್ಯಾಲ ಯಾರೋ ಮೆಲ್ಲಕ ಬ್ರಷ್ ಆಡಸತಾರ. ಪಂಚಮಿಗೆ ಬೆಂಗಳೂರಿಂದ ಮುಧೋಳಕ್ಕ ಬಂದಾಕಿ ನನಗ ಇದನ್ನ ಕೇಳಸಬೇಕಂತ ಬಂದೀಯೇನು?

ಶಿಷ್ಯೆ: ಹೌದ್ರಿ ಮಾಸ್ತರ, ಇದಕಂತ ಬಂದೀನಿ. ನೀವು ಕೇಳಾಕತ್ತಿದ್ದು ಮೂಲದಾಗ ಹಾಡಲ್ಲ, ವಾದ್ಯದ ಸಂಗೀತ. ಬರದಾವ ಯೋಹಾನ್ ಸೆಬಾಸ್ಟಿಯನ್ ಬಾಖ್. ಜರ್ಮನಿಯಾಗ 1685ಕ್ಕ ಹುಟ್ಟಿ 1750ಕ್ಕ ತೀರಿಕೊಂಡಾವ. ಹಾಡಾವರು ಪ್ಯಾರಿಸ್ಸಿನ ಎಂಟು ಮಂದಿ, ಸ್ವಿಂಗಲ್ ಸಿಂಗರ್ಸ್ ಅಂತ. ವಾರ್ಡ್ ಸ್ವಿಂಗಲ್ ಅನ್ನೂ ಅಮೆರಿಕಾದವ ಪ್ಯಾರಿಸ್ಸಿಗೆ ಬಂದು ನೆಲಿ ನಿಂತಿದ್ದ, ಅವನ ಕಟ್ಟಿದ ಮ್ಯಾಳ ಇದು. ಎಡಿತ್ ಪಿಯಾಫ್, ಶಾರ್ಲ್ ಅಜ್ನಾವೂರ್ ಅಂಥಾ ದೊಡ್ಡ ಗಾಯಕರ ಹಿಂದ ಸ್ಟುಡಿಯೋದಾಗ ಬರೇ ‘ಆ’ ಮತ್ತ ‘ಊ’ ಹಾಡಿ ಹೊಟ್ಟಿ ಹೊರಕೊಳ್ಳೂ ಮಂದಿ ಅವರು. ಸ್ವರಲಿಪಿ ನೋಡಿ ಹಾಡೂ ರೂಢಿ ಗಟ್ಟಿ ಆಗಲಿ ಅಂತ ಬಾಖ್‌ನ ಕೀಬೋರ್ಡಿನ ಪುಸ್ತಕ ಮುಂದ ಇಟಗೊಂಡು ಕುಂತರು. ಹಾಡತಾ ಹಾಡತಾ ಅದು ತಾನಾಗೇ ಜಾಝ್ ಲಯಕ್ಕ ತೂಗಾಕ ಹತ್ತಿತು. 1963ರಾಗ ರೆಕಾರ್ಡು ಬಂತು, ‘ಜಾಝ್ ಸೆಬಾಸ್ಟಿಯನ್ ಬಾಖ್’ ಅಂತ. ಮರುವರ್ಷ ಅಮೆರಿಕಾದ ಗ್ರ್ಯಾಮಿಯೊಳಗ ಎರಡು ಬಹುಮಾನ ಬಂದ್ವು.

ಮಾಸ್ತರ: ಹಿಮ್ಮೇಳದವರು ಮುಂದ ಬಂದು ನಿಂತರು ಅನ್ನು. ಇದು ನನ್ನ ಮನಸಿಗೆ ಬಂತು ನೋಡು. ನಾನೂ ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳದಾಗ ಪೇಟಿ ಹಿಡದಾವ. ರಾತ್ರಿ ಪೂರ್ತಿ ಭಾಮಾ ಕುಣೀತಾಳ, ಆಕಿ ಸಾಲು ಬಿಟ್ಟಲ್ಲಿ ನಾವು ಎತ್ತಿಕೊಂಡು ಮ್ಯಾಲಿನ ಸಪ್ತಕದಾಗ ಸೂರ ಹಿಡೀಬೇಕು. ಪಾರಿಜಾತದ ಕೌಜಲಗಿ ನಿಂಗಮ್ಮನ ಹೆಸರು ಇವತ್ತಿಗೂ ಈ ಭಾಗದಾಗ ಹೇಳತಾರ, ಹೇಳಬೇಕು. ಆದ್ರ ಆಕಿ ಹಿಂದ ಸೂರ ಹಿಡದಾವರು ಯಾರು? ಒಬ್ಬರ ಹೆಸರೂ ಉಳಿದಿಲ್ಲ. ಅದಿರಲಿ. ಮಾತಿಲ್ಲದ್ದು ಹಾಡು ಹೆಂಗ ಆಗತೈತಿ ಅನ್ನೂದನ್ನ ಹೇಳು.

ಶಿಷ್ಯೆ: ನಮ್ಮ ಗೀಗೀ ಮೇಳದವರನ್ನ ನೆನಸ್ರಿ. ಮುಂದಿನಾವ ದಪ್ಪು ಬಡಕೋತ ಕಥಿ ಹೇಳತಾನ. ಹಿಂದಿನವರು ತುಂತುಣಿ ಮೀಟಿ ‘ಗೀ ಗೀ’ ಅಂತ ಸೊಲ್ಲು ಎತ್ತತಾರ. ಅದಕ ಅರ್ಥ ಏನೈತಿ? ಆದ್ರ ಆ ಸೊಲ್ಲು ತಗದ್ರ ಪದ ಉಳೀತೈತೇನು?

ಮಾಸ್ತರ: ಉಳಿಯೂದಿಲ್ಲ. ಆದ್ರ ಗೀಗೀದೊಳಗ ಸೊಲ್ಲು ಇರೂದು ಕಥಿಗೆ ಉಸಿರು ಕೊಡಾಕ. ಇಲ್ಲಿ ಕಥಿನೂ ಇಲ್ಲ, ಸೊಲ್ಲ ಎಲ್ಲಾ. ನೀ ತರಾನಾದ ಹೆಸರು ಹೇಳಿದ್ರ ಒಪ್ಪತೀನಿ. ತರಾನಾದಾಗ ‘ತನ ದೆರೆ ನಾ’, ‘ದಿರ್ ದಿರ್’ ಅಂತೀವಿ, ಸಿತಾರ, ತಬಲಾದ ಬೋಲ್ ಬಾಯಾಗ ಬರತಾವ. ದ್ರುತ್ ಲಯದಾಗ ‘ದಿರ್ ದಿರ್’ ಹಿಡಿದ್ರ ನಾಲಿಗಿ ಮಿಜರಾಬಿನ ಕೆಲಸಾ ಮಾಡತೈತಿ.

ಶಿಷ್ಯೆ: ಅದ ರೀ ನಾ ಹೇಳೂದು. ಅವರ ‘ದಬ ದಬ’ ಕೂಡ ಬಾಯಿಗೆ ಬಂದದ್ದಲ್ಲ. ನೀವ ಅಂದು ನೋಡ್ರಿ. ಬರೇ ‘ದ ದ ದ ದ’ ಅಂತ ಜೋರು ಓಡಿದ್ರ ಎರಡ ಆವರ್ತದಾಗ ನಾಲಿಗಿ ಸೋಲತೈತಿ. ‘ದ’ಕ್ಕ ನಾಲಿಗಿ ಹಲ್ಲಿಗೆ ತಾಗತೈತಿ, ‘ಬ’ಕ್ಕ ತುಟಿ ಕೂಡತಾವ. ಒಂದು ಕೆಲಸಾ ಮಾಡೂವಾಗ ಇನ್ನೊಂದಕ್ಕ ವಿಶ್ರಾಂತಿ. ಅದಕ ಹದಿನಾರು ಸ್ವರ ಸರಸರ ಹೋದ್ರೂ ಒಂದೊಂದೂ ಬಿಡಿಬಿಡಿಯಾಗಿ ಕೇಳತೈತಿ. ನಿಂತು ಎಳೀಬೇಕಾದಲ್ಲಿ ‘ಡೂ’ ಅಂತಾರ, ಮೊಟಕು ಮಾಡಬೇಕಾದಲ್ಲಿ ‘ಪ’ ಅಂತಾರ.

ಮಾಸ್ತರ: ತಬಲಾದವರ ‘ತಿರಕಿಟ’ ಹಂಗ ಕಟ್ಟಿದ್ದು. ತಿ ಮುಂದಿನ ಹಲ್ಲಿಗೆ, ಕಿ ಹಿಂದ ಗಂಟಲ ಹತ್ರ. ಕೈಗಿಂತ ಮೊದಲು ಬಾಯಿ ಕಲೀಬೇಕು ಅಂತ ನಮಗೂ ಹೇಳತಿದ್ರು. ಈಗ ಆ ಬಾಖ್‌ನ ಸ್ವರ ಹೇಳು, ಪೇಟಿಯೊಳಗ ನೋಡೋಣು.

ಶಿಷ್ಯೆ: ಸಣ್ಣದರಿಂದ ಶುರು ಮಾಡೋಣು. ಎರಡು ದನಿಯ ಇನ್ವೆನ್ಷನ್ ಅಂತ ಐತಿ, ಆ ಪುಸ್ತಕದಾಗಿನ ಮೊದಲನೇದು. ಸ್ವಿಂಗಲ್ ಮಂದಿ ಅದನ್ನೂ ಹಾಡ್ಯಾರ. ಬಿಳಿ ಒಂದನ್ನ ಸಾ ಮಾಡ್ರಿ. ಕಾಲ ಮಾತ್ರೆ ಬಿಟ್ಟು ಎತ್ತಿಗೋರಿ: ಸಾ ರೆ ಗ ಮ ರೆ ಗ ಸಾ, ಪ.

ಮಾಸ್ತರ: ಏ, ಇದು ಪಲ್ಟಾ! ನನ್ನ ಕ್ಲಾಸಿನ ಮೂರನೇತ್ತೆ ಹುಡುಗರು ಬಾರಸತಾರ ಇದನ್ನ.

ಶಿಷ್ಯೆ: ಪಲ್ಟಾನ. ಈಗ ನೀವು ಬಲಗೈಯಾಗ ಅದನ್ನ ಮುಂದುವರಸ್ರಿ. ಮೂರನೇ ಮಾತ್ರೆಗೆ ಮಂದ್ರದಾಗ ನಾ ಅದನ್ನ ಮೊದಲಿಂದ ಎತ್ತತೀನಿ. ನೀವು ನಿಲ್ಲಬ್ಯಾಡ್ರಿ. ನಾ ನಿಮಗ ಸಾಥ್ ಕೊಡಾಕಿ ಅಲ್ಲ, ಠೇಕಾನೂ ಅಲ್ಲ. ನನ್ನದೂ ನಿಮ್ಮಷ್ಟ ಹಕ್ಕಿನ ಹಾಡು. ಇಡೀ ಕೃತಿ ಈ ಏಳೆಂಟು ಸ್ವರದ ಮ್ಯಾಲ ನಿಂತೈತಿ. ಒಮ್ಮೆ ಮ್ಯಾಲ, ಒಮ್ಮೆ ಕೆಳಗ, ಒಮ್ಮೆ ತಲಿಕೆಳಗ ಮಾಡಿ ಅವರೋಹದಾಗ ಬರತೈತಿ. 1723ರಾಗ ಬಾಖ್ ಈ ಪಾಠಗಳನ್ನ ಸ್ವಚ್ಛ ಪ್ರತಿ ಮಾಡಿ, ಮೊದಲ ಪುಟದಾಗ ತನ್ನ ಉದ್ದೇಶ ಬರದಾನ. ಎರಡು ದನಿ, ಮೂರು ದನಿ ಸ್ವಚ್ಛಾಗಿ ನುಡಿಸಾಕ ಬರಬೇಕು, ಎಲ್ಲಾಕ್ಕಿಂತ ಹೆಚ್ಚಾಗಿ ಹಾಡಿದಂಗ ನುಡಿಸೂ ರೀತಿ ಕೈಗೆ ಹತ್ತಬೇಕು ಅಂತ.

ಮಾಸ್ತರ: ಹಾಡಿದಂಗ! ಅವನ ಹಂಗ ಹೇಳ್ಯಾನೇನು?

ಶಿಷ್ಯೆ: ಅವನ. ಅದ ವರ್ಷ ಲೈಪ್‌ಝಿಗ್‌ನಾಗ ಸೇಂಟ್ ಥಾಮಸ್ ಚರ್ಚಿನ ಕೆಲಸಕ್ಕ ಸೇರಿದ. ಆ ಕೆಲಸದಾಗ ಶಾಲಿ ಹುಡುಗರಿಗೆ ಹಾಡು ಕಲಿಸೂದೂ ಇತ್ತು. ಹಾಡಿಂದ ವಾದ್ಯಕ್ಕ ಹೋದ ಸಂಗೀತ ಅದು ಮಾಸ್ತರ. 240 ವರ್ಷ ಆದಮ್ಯಾಲ ಪ್ಯಾರಿಸ್ಸಿನವರು ಹೊಳ್ಳಿ ಗಂಟಲಿಗೆ ತಂದ್ರು. ಅದಕ ಅದು ಅಷ್ಟು ಸಲೀಸಾಗಿ ಕುಂತೈತಿ. ಹಾಡಿನ ಬೇರು ಇಲ್ಲದ ವಾದ್ಯದ ಸಂಗೀತನ್ನ ಗಂಟಲಿಗೆ ತುರುಕಿದ್ರ ಇಷ್ಟು ಚೆಂದ ಕೇಳತಿರಲಿಲ್ಲ ಅಂತ ನಾ ಗಟ್ಟಿಯಾಗಿ ನಂಬೀನಿ.

ಮಾಸ್ತರ: ನಮ್ಮ ಕಿರಾಣಾ ಘರಾಣೆಯವರು ಇದನ್ನ ಕೇಳಿದ್ರ ತಲಿ ತೂಗತಿದ್ರು. ಆ ಮನೆತನ ಬೀನಕಾರ ಬಂದೇ ಅಲಿ ಖಾನರ ಹೆಸರು ಹೇಳತೈತಿ. ಅಬ್ದುಲ್ ಕರೀಂ ಖಾನರು ಬೀನ್ ಬಾರಿಸಾಕ ಬಲ್ಲವರು. ಬೀನಿನ ತಂತಿ ಎಳದಂಗ ಒಂದ ಸ್ವರದ ಮ್ಯಾಲ ಗಂಟಲು ನಿಲ್ಲಿಸಿ ಹಿಗ್ಗಿಸೂದು ಅವರ ಗಾಯನದಾಗ ಬಂತು. ಅಲ್ಲಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ, ಭೀಮಸೇನ ಜೋಶಿಯವರಿಗೆ. ನಮ್ಮ ಉತ್ತರ ಕರ್ನಾಟಕದ ಗಂಟಲಿನಾಗ ಒಂದು ವಾದ್ಯ ಕುಂತೈತಿ ತಂಗಿ. ಅತ್ತಾಗ ವಿಲಾಯತ್ ಖಾನರು ಸಿತಾರದಾಗ ಗಾಯಕಿ ತಂದ್ರು. ಕೊಡುಕೊಳ್ಳೂದು ಎರಡೂ ಕಡೆ ನಡದೈತಿ. ಆದ್ರ ಒಂದು ಮಾತು. ನಿನ್ನ ಪ್ಯಾರಿಸ್ಸಿನವರಲ್ಲಿ ಮೀಂಡ ಇಲ್ಲ. ಒಂದು ಸ್ವರದಿಂದ ಇನ್ನೊಂದಕ್ಕ ಜಾರೂದ ಇಲ್ಲ. ಗಂಟಲು ಇದ್ದೂ ಪೇಟಿ ಹಂಗ ಹಾಡತಾರ!

ಶಿಷ್ಯೆ: ಬೇಕಂತ ಬಿಟ್ಟಾರ. ಎಂಟು ಮಂದಿ ನಾಲ್ಕು ಎಳಿ ಹಾಡೂವಾಗ ಒಬ್ಬರು ಜಾರಿದ್ರೂ ಉಳಿದ ಮೂರು ಎಳಿ ಮಸಕಾಗತಾವ. ದನಿ ನಡುಗಿಸೂದನ್ನೂ ಭಾಳ ಕಡಿಮಿ ಮಾಡ್ಯಾರ. ಮೈಕಿಗೆ ಬಾಯಿ ಹಚ್ಚಿ ಮೆಲ್ಲಕ ಹಾಡತಾರ. ಆಪೆರಾದವರಂಗ ಎದಿ ತುಂಬಿ ಎಸದ್ರ ಬಾಖ್‌ನ ಓಟ ಕುಂಟತೈತಿ.

ಮಾಸ್ತರ: ಮೈಕು ಬಂದಮ್ಯಾಲ ಗಂಟಲಿನ ಸ್ವಭಾವನ ಬದಲಾತು. ನಮ್ಮ ಬೀಳಗಿಯಾಗ ಹುಟ್ಟಿದ ಅಮೀರಬಾಯಿ ಕರ್ನಾಟಕಿನ್ನ ತಗೋ. ಕಂಪನಿ ನಾಟಕದಾಗ ಕಡೀ ಸಾಲಿನವಂಗೂ ಕೇಳಸಬೇಕಂತ ಎತ್ತಿ ಹಾಡತಿದ್ದ ಕಾಲದಾಗ ಬೆಳದಾಕಿ. 1943ರ ‘ಕಿಸ್ಮತ್’ ಸಿನಿಮಾದಾಗ ಹಾಡೂವಾಗ ಎಷ್ಟು ಮೆತ್ತಗ, ಮಗ್ಗಲಾಗ ಕುಂತು ಹೇಳಿದಂಗ ಹಾಡ್ಯಾಳ! ಪಾರಿಜಾತದ ಹಿಮ್ಮೇಳದವರಿಗೆ ಆ ಭಾಗ್ಯ ಇರಲಿಲ್ಲ. ಇರಲಿ. ನಾಲ್ಕು ಎಳಿ ಅಂದಿ. ಬನಹಟ್ಟಿ ಮಗ್ಗದ ಹಾಸು-ಹೊಕ್ಕಿನಂಗ ಅನ್ನು ಹಂಗಾರ.

ಶಿಷ್ಯೆ: ಪೂರ್ತಿ ಹಂಗಲ್ಲ ರೀ. ಮಗ್ಗದಾಗ ಹಾಸಿನ ನೂಲು ಬಿಗದು ನಿಂತಿರತೈತಿ, ಲಾಳಿ ಒಂದ ಓಡಾಡತೈತಿ. ಬಾಖ್‌ನಲ್ಲಿ ನಿಂತ ನೂಲ ಇಲ್ಲ, ಎಲ್ಲಾ ಎಳಿ ಲಾಳಿನ. ನಮ್ಮ ಸಂಗೀತ ಬೇಕಾದ್ರ ಮಗ್ಗದಂಗ ಐತಿ. ತಂಬೂರಿ ಹಾಸು, ಗಾಯಕರ ದನಿ ಹೊಕ್ಕು. ಈಗ ಮೂರು ಎಳಿದು ಕೇಳ್ರಿ. ಬಾಖ್‌ನ 1722ರ ಕೀಬೋರ್ಡ್ ಪುಸ್ತಕದಾಗಿನ ಸಿ ಮೈನರ್ ಫ್ಯೂಗ್. ಸಮ್ ಮ್ಯಾಲ ಮೌನ. ಅರ್ಧ ಮಾತ್ರೆ ಬಿಟ್ಟು ಎತ್ತಿಗೋಬೇಕು: ಸಾನಿಸಾ ಪ ಧ, ಸಾನಿಸಾ ರೆ ಪ... ಗಂಧಾರ, ಧೈವತ ಕೋಮಲ. ನಿಷಾದ ಶುದ್ಧ.

ಮಾಸ್ತರ: ಕೋಮಲ ಗ, ಕೋಮಲ ಧ, ಶುದ್ಧ ನಿ... ಕೀರವಾಣಿ ಆತಲ್ಲ! ಕರ್ನಾಟಕಿ ಕಡೆಯಿಂದ ನಮ್ಮವರು ತಗೊಂಡ ರಾಗ. ಸಮ್ ಬಿಟ್ಟು ಎತ್ತಿದ್ದೂ ಚಲೋ ಐತಿ, ಮುಖಡಾ ಹಿಡದಂಗ.

ಶಿಷ್ಯೆ: ಸ್ವರ ಕೀರವಾಣಿದು, ನಡಿಗಿ ಬ್ಯಾರೆ. ಎರಡು ಅಳತಿ ಅಂದ್ರ ಎಂಟು ಮಾತ್ರೆ ಒಬ್ಬರ ಹಾಡತಾರ. ಆಮ್ಯಾಲ ಎರಡನೇ ದನಿ ಅದ ಸ್ವರವಾಕ್ಯಾನ್ನ ಪಂಚಮದಿಂದ ಎತ್ತತೈತಿ. ಮೊದಲನೇ ದನಿ ಸುಮ್ಮ ಕೂಡೂದಿಲ್ಲ, ಕೆಳಗ ಸರಸರ ಅವರೋಹ ಇಳೀತೈತಿ. ಏಳನೇ ಅಳತಿಗೆ ಮಂದ್ರದಾಗ ಮೂರನೇ ದನಿ ಬರತೈತಿ. ಅಷ್ಟೊತ್ತಿಗೆ ಮೂರು ದನಿ, ಮೂರು ಓಟ.

ಮಾಸ್ತರ: ತಡಿ ತಡಿ. ಪಂಚಮದಿಂದ ಎತ್ತಿದಾಗ ಇಲ್ಲೊಂದು ತೀವ್ರ ಮಧ್ಯಮ ಬಂತು. ನಮ್ಮ ಕಿವಿಗೆ ಸಾ ಅಲಗಾಡಿದಂಗ ಆಗತೈತಿ. ತಂಬೂರಿ ಹಚ್ಚಿಟ್ಟು ಇದನ್ನ ಹಾಡಾಕ ಆಗೂದಿಲ್ಲ ನೋಡು.

ಶಿಷ್ಯೆ: ಆಗೂದಿಲ್ಲ. ಸಾ ಸರಿಯೂದ ಆ ಸಂಗೀತದ ಉಸಿರು. ಅದಕಂತ ತಂಬೂರಿ ಜಾಗಾದಾಗ ಅವರು ಡಬಲ್ ಬೇಸ್ ಇಟ್ಟಾರ, ಮಂದ್ರದ ಎಳಿಯ ಜೊತಿ ಅದೂ ನಡೀತೈತಿ. ಈಗ ಗಾಯಕರ ಕಷ್ಟ ಕೇಳ್ರಿ. ಬಾಖ್ ಬರದದ್ದು ಹಾರ್ಪ್ಸಿಕಾರ್ಡಿಗೆ, ಆರ್ಗನ್ನಿಗೆ. ಬೆರಳಿಗೆ ಉಸಿರು ಬೇಕಿಲ್ಲ. ಪುಟಗಟ್ಟಲೆ ಓಡೂ ಸಾಲು ಗಂಟಲಿಗೆ ಬಂದಾಗ ಎಲ್ಲಿ ಉಸಿರು ತಗೋಬೇಕು? ಅದಕ ಸೊಪ್ರಾನೋ ಇಬ್ಬರು, ಆಲ್ಟೋ ಇಬ್ಬರು, ಟೆನರ್ ಇಬ್ಬರು, ಬಾಸ್ ಇಬ್ಬರು. ಜೋಡಿಯೊಳಗ ಒಬ್ಬರು ಉಸಿರೆಳಕೊಂಡಾಗ ಇನ್ನೊಬ್ಬರು ಸಾಲು ಬಿಡದ ಹಿಡದಿರತಾರ. ಮ್ಯಾಲಿನ ದನಿ ಕ್ರಿಸ್ತಿಯಾನ್ ಲೆಗ್ರಾಂ ಅವರದು, ಸಿನಿಮಾ ಸಂಗೀತ ಮಾಡಿದ ಮಿಶೆಲ್ ಲೆಗ್ರಾಂ ಅವರ ಅಕ್ಕ. ಆ ದನಿ ಕೇಳಿದ್ರ ಉಸಿರು ಎಲ್ಲಿ ತಗೊಂಡ್ರು ಅಂತ ಹುಡುಕಬೇಕಾಗತೈತಿ.

ಮಾಸ್ತರ: ಭಜನಿ ಮ್ಯಾಳದಾಗ ನಾವೂ ಹಂಗ ಮಾಡತೀವಿ, ಯಾರೂ ಕಲಿಸಿಲ್ಲ. ಸಪ್ತಾಹದಾಗ ಏಳು ದಿನ ನಾಮಸ್ಮರಣಿ ಕಡಿಬಾರದು ಅಂದ್ರ ಮತ್ತೇನು ಮಾಡಾವ್ರು? ಲಯದ ಬಗ್ಗೆ ಹೇಳು. ತೂಗತೈತಿ ಅಂದೆಲ್ಲ, ಅದು ಬರದಾನೋ, ಇವರು ಹಾಕ್ಯಾರೋ?

ಶಿಷ್ಯೆ: ಸ್ವರ ಹೆಚ್ಚುಕಮ್ಮಿ ಬಾಖ್ ಬರದದ್ದ ಇಟ್ಟಾರ. ಬಾಖ್‌ನ ಕಾಗದದಾಗ ನಾಲ್ಕು ಸ್ವರ ಸಮ ಸಮ. ಇವರು ಹಾಡೂವಾಗ ಕೆಲವು ಕಡೆ ಒಂದು ಕೂದಲೆಳಿ ಉದ್ದ, ಮುಂದಿನದು ಒಂದು ಕೂದಲೆಳಿ ಗಿಡ್ಡ. ಡ್ರಮ್ಮು ಅದನ್ನ ಹಿಡದು ಕುಂದರತೈತಿ. ಅಷ್ಟ.

ಮಾಸ್ತರ: ಭಜನಿ ಠೇಕಾದಾಗ ಒಂದು ತೂಗು ಐತಲ್ಲ, ಹಂಗ. ಎಂಟು ಮಾತ್ರೆ ಅಂತ ಬೋರ್ಡಿನ ಮ್ಯಾಲ ಬರದು ಕೊಟ್ರ ಹುಡುಗರು ಸಪಾಟ ಬಾರಸತಾರ. ಮಂದಿ ತಾಳ ಹಿಡದು ತೂಗಾಕ ಹತ್ತಿದ ಮ್ಯಾಲ ಬರತೈತಿ ಅದು. ಆದ್ರ ನನಗ ಒಂದು ಕೊರತಿ ಕಾಣತೈತಿ, ಹೇಳಲಾ? ಎಲ್ಲಾ ಬರದಿಟ್ಟದ್ದು. ಉಪಜ ಎಲ್ಲಿ? ಗಾಯಕ ಇವತ್ತು ಹಾಡಿದ್ದನ್ನ ನಾಳೆ ಬ್ಯಾರೆ ಹಾಡೂದು ಎಲ್ಲಿ? ಜಾಝ್ ಅಂದ್ರ ಮನೋಧರ್ಮದ ಸಂಗೀತ ಅಂತ ನೀನ ಹೇಳಿದ್ದಿ.

ಶಿಷ್ಯೆ: ಅಲ್ಲಿ ನಿಮ್ಮ ಮಾತು ಖರೆ. ಸ್ವಿಂಗಲ್ ರೆಕಾರ್ಡಿನಾಗ ಜಾಝ್ ಇರೂದು ಲಯದಾಗ ಮಾತ್ರ. ಉಪಜ ಬೇಕಂದ್ರ ಅದ ಪ್ಯಾರಿಸ್ಸಿನ ಜಾಕ್ ಲೂಸಿಯೇ ಅವರನ್ನ ಕೇಳಬೇಕು. 1959ರಿಂದ ‘ಪ್ಲೇ ಬಾಖ್’ ಅಂತ ರೆಕಾರ್ಡು ಮಾಡಿದವರು. ಪಿಯಾನೋ, ಬೇಸು, ಡ್ರಮ್ಮು, ಮೂವರ. ಬಾಖ್‌ನ ಸಾಲು ಬಾರಿಸಿ ಆಮ್ಯಾಲ ತಮ್ಮ ಹಾದಿ ಹಿಡೀತಾರ. ಆದ್ರ ಎಂಟು ಗಂಟಲು ಒಮ್ಮೆಲೆ ಉಪಜಕ್ಕ ಹೋದ್ರ ಫ್ಯೂಗ್ ಉಳಿಯೂದಿಲ್ಲ. ಒಂದನ್ನ ಕೊಟ್ಟು ಒಂದನ್ನ ಪಡೆದಾರ.

ಮಾಸ್ತರ: ನಾನು ಆಗಿದ್ರ ನಡುವ ಒಬ್ಬರಿಗರ ಎಂಟು ಆವರ್ತ ಬಿಟ್ಟುಕೊಡತಿದ್ದೆ. ಅದು ನನ್ನ ಅಭಿಪ್ರಾಯ. ಈ ಮಾರ್ಗ ಮುಂದ ಏನಾತು?

ಶಿಷ್ಯೆ: 1964ರಾಗ ‘ಗೋಯಿಂಗ್ ಬರೋಕ್’ ಬಂತು, ಅದರಾಗ ಬಾಖ್ ಜೊತಿ ವಿವಾಲ್ದಿ, ಹ್ಯಾಂಡಲ್ ಬಂದ್ರು. ಬಾಖ್ ಕೊಳಲಿಗಂತ ಬರದ ಬ್ಯಾಡಿನರಿ ಅನ್ನೂ ಸಣ್ಣ ಕುಣಿತ ಅದರಾಗ ಐತಿ. ಅಷ್ಟು ಚುರುಕಿನ ಕೊಳಲಿನ ಸಾಲು ಗಂಟಲಿನಾಗ ಕೇಳೂದು ಒಂದು ಸಂತೋಷ. 1966ಕ್ಕ ಮಾಡರ್ನ್ ಜಾಝ್ ಕ್ವಾರ್ಟೆಟ್ ಜೊತಿ ‘ಪ್ಲಾಸ್ ವಾಂದೋಮ್’. 1968ರಾಗ ಇಟಲಿಯ ಲುಚಾನೋ ಬೇರಿಯೋ ‘ಸಿನ್ಫೋನಿಯಾ’ ಬರದು, ದೊಡ್ಡ ಆರ್ಕೆಸ್ಟ್ರಾದ ನಡುವ ಈ ಎಂಟು ದನಿಗೋಳಿಗೆ ಜಾಗಾ ಕೊಟ್ಟ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಅದನ್ನ ಮೊದಲು ಬಾರಿಸಿತು. 1973ರಾಗ ಪ್ಯಾರಿಸ್ಸಿನ ಮ್ಯಾಳ ಮುಗೀತು. ಸ್ವಿಂಗಲ್ ಲಂಡನ್ನಿಗೆ ಹೋಗಿ ಹೊಸಾ ಮ್ಯಾಳ ಕಟ್ಟಿದ್ರು. ಅವರು ತೀರಿಕೊಂಡದ್ದು 2015ರಾಗ.

ಮಾಸ್ತರ: ನಮ್ಮ ಕಡೆ ಇಂಥಾದ್ದು ಯಾರೂ ಮಾಡಲಿಲ್ಲೇನು? ಮೈಸೂರು ಅರಮನಿಯಾಗ ಇಂಗ್ಲಿಷ್ ಬ್ಯಾಂಡ್ ಇತ್ತಲ್ಲ.

ಶಿಷ್ಯೆ: ಬ್ಯಾಂಡಿನ ಧಾಟಿ ಗಂಟಲಿಗೆ ಬಂದದ್ದು ಅದಕಿಂತ ಮೊದಲ. ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಕಡೆ ಇಂಗ್ಲಿಷರ ಬ್ಯಾಂಡು ಕೇಳಿ ಆ ಧಾಟಿಗೋಳಿಗೆ ಸಂಸ್ಕೃತ ಸಾಹಿತ್ಯ ಹಾಕಿದ್ರು. ನೊಟ್ಟುಸ್ವರ ಅಂತಾರ, ಸುಮಾರು 40 ಅದಾವ. ಬೆಂಗಳೂರು, ಮೈಸೂರಿನಾಗ ಸಂಗೀತ ಕಲಿಯೂ ಸಣ್ಣ ಮಕ್ಕಳು ಇವತ್ತಿಗೂ ಹಾಡತಾರ. ಮೈಸೂರಿನ ಜಯಚಾಮರಾಜ ಒಡೆಯರಂತೂ ಪಾಶ್ಚಾತ್ಯ ಸಂಗೀತದ ಪಕ್ಕಾ ಜಾಣರು. ನಿಕೊಲಾಯ್ ಮೆಟ್ನರ್ ಅನ್ನೂ ರಷ್ಯಾದ ಸಂಗೀತಗಾರನ ಕೃತಿಗಳು ಲಂಡನ್ನಿನಾಗ ರೆಕಾರ್ಡ್ ಆಗಾಕ ರೊಕ್ಕ ಕೊಟ್ಟವರು. ಸಿನಿಮಾದಾಗ ಸಲಿಲ್ ಚೌಧರಿಯವರು 1961ರ ‘ಛಾಯಾ’ಕ್ಕ ಮೊಟ್ಸಾರ್ಟನ 40ನೇ ಸಿಂಫನಿಯ ಎಳಿ ತಗೊಂಡು ಲತಾ, ತಲತ್ ಕಡೆಯಿಂದ ಹಾಡಿಸಿದ್ರು. ಆದ್ರ ಮಾಸ್ತರ, ಎಲ್ಲಾ ಕಡೆ ಗಂಟಲಿಗೆ ಬಂದದ್ದು ಒಂದ ಎಳಿ. ಮ್ಯಾಲಿನ ಧಾಟಿ ತಗೊಂಡ್ರು, ಸಾಹಿತ್ಯ ತುಂಬಿದ್ರು. ಕೆಳಗ ಓಡತಿದ್ದ ಎರಡನೇ ಎಳಿಗೆ ಗಂಟಲು ಕೊಟ್ಟಾವರು ಕಡಿಮಿ. ನನ್ನ ಹಳಹಳಿ ಅದ.

ಮಾಸ್ತರ: ನಮ್ಮದು ರಾಗದ ಹಾದಿ ತಂಗಿ. ಒಂದ ಎಳಿಯಾಗ ಆಳಕ್ಕ ಇಳಿಯೂದು. ಅದು ಕೊರತಿ ಅಲ್ಲ.

ಶಿಷ್ಯೆ: ಕೊರತಿ ಅನ್ನೂದಿಲ್ಲ ರೀ. ಆದ್ರ ನಿಮ್ಮ ಕ್ಲಾಸಿನಾಗ ಹುಡುಗರು ಎಲ್ಲಾರೂ ಒಂದ ಪಲ್ಟಾನ ಒಮ್ಮೆಲೆ ಬಾರಸತಾರ, ಒಮ್ಮೆಲೆ ಹಾಡತಾರ. ಮಗ್ಗಲಿನವ ಬ್ಯಾರೆ ಹಾಡೂವಾಗ ತನ್ನದನ್ನ ಬಿಡದ ಹಿಡಿಯೂದು, ಹಿಡದೂ ಅವಂದನ್ನ ಕೇಳೂದು, ಇದನ್ನ ನಾವು ಕಲಿಸೂದ ಇಲ್ಲ. ಬೆಂಗಳೂರಿನ ಕಾಯರ್ ಸೇರಿದ ಮ್ಯಾಲ ನನಗ ಅದು ಬಂತು. ಬಂದ ಮ್ಯಾಲ ನಿಮ್ಮ ಖಯಾಲನ್ನೂ ಬ್ಯಾರೆ ಕಿವಿಲೆ ಕೇಳಾಕ ಹತ್ತಿನಿ. ಒಂದು ಮಾಡೋಣು. ‘ಸಾರೆಗ, ರೆಗಮ, ಗಮಪ’ ಅಲಂಕಾರ ತಗೋರಿ. ನೀವು ‘ಗಮಪ’ಕ್ಕ ಬಂದಾಗ ನಾ ‘ಸಾರೆಗ’ ಎತ್ತತೀನಿ. ಬಾರಸ್ರಿ.

ಮಾಸ್ತರ: ಸಾರೆಗ... ರೆಗಮ... ಗಮಪ... ಹೋ! ನನ್ನ ಗಕ್ಕ ನಿನ್ನ ಸಾ, ಮಕ್ಕ ರೆ, ಪಕ್ಕ ಗ. ಎಲ್ಲಾ ಒಂದೊಂದು ಮನಿ ಬಿಟ್ಟು ಬೀಳತಾವ. ಇಂಪ ಐತಿ. ಏ, ಮ್ಯಾಲ ಹೋಗಿ ಸಾ ಮುಟ್ಟಿ ಹೊಳ್ಳೂ ಜಾಗಾದಾಗ ತಿಕ್ಕಾಟ ಆತು! ನನ್ನ ನಿಕ್ಕ ನಿನ್ನ ಧ ಬಂತು, ನನ್ನ ಧಕ್ಕ ನಿನ್ನ ನಿ.

ಶಿಷ್ಯೆ: ಅಲ್ಲೇ ಬಾಖ್‌ನ ಜಾಣತನ ಬೇಕಾಗೂದು. ಆ ಹೊಳ್ಳೂ ಜಾಗಾದಾಗ ಒಂದು ಸ್ವರ ಎಳದು ನಿಲ್ಲಸತಿದ್ದ, ಇಲ್ಲಾ ಒಂದು ಮಾತ್ರೆ ತಡಾ ಮಾಡತಿದ್ದ. ಇಳದು ಎರಡು ಗುಂಪು ಆದ ಮ್ಯಾಲ ಮತ್ತ ತಾನ ಕೂಡತೈತಿ, ನೋಡ್ರಿ.

ಮಾಸ್ತರ: ಕೂಡತು, ಕೂಡತು. ಹೊಳ್ಳೂವಾಗ ನಾ ಮ್ಯಾಲಿನ ಸಾ ಮ್ಯಾಲ ಎರಡು ಗುಂಪು ನಿಂತು ಬಿಡತೀನಿ, ನೀ ದಾಟಿ ಬಾ... ಈಗ ತಿಕ್ಕಾಟ ನಿನ್ನ ನಿ ಮ್ಯಾಲ ಅಷ್ಟ ಉಳೀತು, ಅದೂ ಚೆಂದ ಕೇಳತೈತಿ. ನಾಳೆ ಸಂಜೀಕ ಹುಡುಗರು ಬರತಾರ, ನೀನೂ ಬಾ. ಅರ್ಧ ಮಂದಿ ನನ್ನ ಕಡೆ, ಅರ್ಧ ಮಂದಿ ನಿನ್ನ ಕಡೆ. ಮೊದಲು ಸರಗಮ್, ಆಮ್ಯಾಲ ತರಾನಾದ ಸೊಲ್ಲು, ಆಮ್ಯಾಲ ಬೇಕಾದ್ರ ನಿಮ್ಮ ದಬ ದಬ. ಶ್ರಾವಣ ಮುಗಿಯೂದರೊಳಗ ಆ ಇನ್ವೆನ್ಷನ್ನಿನ ಮೊದಲ ನಾಲ್ಕು ಅಳತಿ ಕೂಡಸೋಣು. ಜಮಖಂಡಿ, ಬೀಳಗಿ, ರಬಕವಿ ಕಡೆ ಪೇಟಿ ಕಲಸೂ ನನ್ನ ಜೊತಿಯವರಿಗೂ ಹೇಳತೀನಿ: ಹುಡುಗರನ್ನ ಎರಡು ಸಾಲು ಮಾಡಿ ಕುಂದರಸ್ರಿ, ಒಂದು ಸಾಲು ‘ಗಮಪ’ಕ್ಕ ಬರೂತನಕ ಇನ್ನೊಂದನ್ನ ತಡೀರಿ, ಆಮ್ಯಾಲ ಬಿಡ್ರಿ. ಇದಕ ಹೊಸಾ ವಾದ್ಯ ಏನೂ ಬೇಕಾಗಿಲ್ಲ.